ಗೆದ್ದವನೂ ಸುಂಕ ಕೊಡಬೇಕೆ?

ಹುಮನಾಬಾದಿನ ಮಗ್ಗುಲಲ್ಲಿರುವ ಮಾಣಿಕನಗರದಲ್ಲಿ ಮಾರ್ಗಶಿರ ಮಾಸದ ದತ್ತ ಜಯಂತಿಯ ಹೊತ್ತಿಗೆ ಶ್ರೀ ಮಾಣಿಕಪ್ರಭುಗಳ ಜಾತ್ರೆ ಕೂಡುತ್ತದೆ. ಪ್ರಭುಗಳು 1817ರಲ್ಲಿ ಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಹುಟ್ಟಿ, 1865ರಲ್ಲಿ ಸಮಾಧಿಸ್ಥರಾದವರು. ಎಲ್ಲ ಮತಗಳನ್ನೂ ಸಮನಾಗಿ ಕಾಣುವ ಸಕಲಮತ ಸಂಪ್ರದಾಯ ಅವರದು. ಆದುದರಿಂದ ಆ ಜಾತ್ರೆಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ನುಡಿಗಳು ಕಿವಿಗೆ ಬೀಳುತ್ತವೆ. ಸಂಗೀತದ ದರ್ಬಾರಿಗೆ ಈ ಸ್ಥಳ ಹೆಸರಾದುದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ನಾನು ಇಂದು ಹೇಳಹೊರಟಿರುವುದು ಸಂಗೀತದ ಮಾತಲ್ಲ. ಕುಸ್ತಿಯ ಮಾತು, ಅದರ ಜೊತೆಗೆ ಮುಷ್ಟಿಯುದ್ಧದ ಮಾತು.

ಬೀದರ ಸೀಮೆಯ ಜಾತ್ರೆಗಳಲ್ಲಿ ಕುಸ್ತಿ ಇಲ್ಲದಿದ್ದರೆ ಜಾತ್ರೆ ಮುಗಿದಂತೆ ಅನ್ನಿಸುವುದಿಲ್ಲ. ಮೊದಲು ಚಿಕ್ಕ ಹುಡುಗರ ಜೋಡಿಗಳು ಕಣಕ್ಕಿಳಿಯುತ್ತವೆ. ಅವರಿಗೆ ಇನಾಮು ತೆಂಗಿನಕಾಯಿ. ಆಮೇಲೆ ನಗದು ಇನಾಮಿನ ಕುಸ್ತಿಗಳು. ಹೊತ್ತು ಇಳಿದ ಮೇಲೆ ದೊಡ್ಡ ಪೈಲ್ವಾನರ ಕಡೆಯ ಕುಸ್ತಿ. ಅದಕ್ಕೆ ಬೆಳ್ಳಿಯ ಕಡ. ಇಲ್ಲಿ ಹಣ ಹರಿಯುವ ದಿಕ್ಕನ್ನು ಗಮನಿಸಿರಿ. ದೇವಸ್ಥಾನದವರೋ ಊರಿನ ಹಿರಿಯರೋ ಒಬ್ಬ ವರ್ತಕರೋ ಕೊಡುತ್ತಾರೆ, ಗೆದ್ದವನು ತೆಗೆದುಕೊಳ್ಳುತ್ತಾನೆ. ಕಡವನ್ನು ಕೈಗೆ ತೊಡಿಸುವಾಗ, 'ಬೆಳ್ಳಿಯ ಬೆಲೆಯಲ್ಲಿ ನೂರಕ್ಕೆ ಮೂರು ಪಾಲು ಇಲ್ಲಿಟ್ಟು ಹೋಗು' ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅವನ ಉಸ್ತಾದನು ಏನೆಂದಾನು ಎಂಬುದನ್ನು ಆಕಾಶವಾಣಿಯಲ್ಲಿ ಹೇಳಲಾಗದು.

ವೃತ್ತಿಯ ಮುಷ್ಟಿಯುದ್ಧದಲ್ಲಿಯಾದರೋ ಕೇಳುವುದು ಇದನ್ನೇ. ಅಲ್ಲಿ ಜಗಜ್ಜೆಟ್ಟಿಯ ಪಟ್ಟವನ್ನು ಕೊಡುವ ಸಂಸ್ಥೆಗಳು ನಾಲ್ಕು. ಅಮೆರಿಕದಲ್ಲಿ 1921ರಲ್ಲಿ ಹುಟ್ಟಿ 1962ರಲ್ಲಿ ಹೆಸರು ಬದಲಿಸಿಕೊಂಡ ವರ್ಲ್ಡ್ ಬಾಕ್ಸಿಂಗ್ ಅಸೋಸಿಯೇಷನ್ ಒಂದು. 1963ರಲ್ಲಿ ಮೆಕ್ಸಿಕೋ ನಗರದಲ್ಲಿ ಸ್ಥಾಪಿತವಾದ ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್ ಎರಡನೆಯದು. 1980ರ ದಶಕದಲ್ಲಿ ಬಂದ ಇನ್ನೆರಡು. ಪಟ್ಟಕ್ಕಾಗಿ ಕಾದಾಡುವವನು ತನ್ನ ಸಂಭಾವನೆಯಲ್ಲಿ ಒಂದು ಪಾಲನ್ನು, ಸಾಮಾನ್ಯವಾಗಿ ನೂರಕ್ಕೆ ಮೂರರವರೆಗೆ, ಮಾನ್ಯತೆಯ ಶುಲ್ಕವೆಂದು ಆ ಸಂಸ್ಥೆಗೆ ಸಲ್ಲಿಸಬೇಕು. ನಾಲ್ಕು ಪಟ್ಟಗಳನ್ನೂ ಪಣಕ್ಕಿಟ್ಟವನಿಗೆ ಬಿಲ್ಲು ಬರುವುದು ನಾಲ್ಕು ಮನೆಗಳಿಂದ.

2025ರ ಸೆಪ್ಟೆಂಬರ್ 13ರಂದು ಲಾಸ್ ವೇಗಾಸಿನಲ್ಲಿ ಅಮೆರಿಕದ ಟೆರೆನ್ಸ್ ಕ್ರಾಫರ್ಡ್ ಎಂಬಾತ ಮೆಕ್ಸಿಕೋದ ಕನೆಲೊ ಆಲ್ವಾರೆಜ್‌ನನ್ನು ಸೋಲಿಸಿ ನಾಲ್ಕೂ ಪಟ್ಟಗಳನ್ನು ಗೆದ್ದನು. ಆತನಿಗೆ ಸಂದ ಸಂಭಾವನೆ 5 ಕೋಟಿ ಡಾಲರು ಎಂದು ವರದಿಯಾಯಿತು. ನೂರಕ್ಕೆ ಮೂರರಂತೆ ಕೌನ್ಸಿಲಿನ ಪಾಲು 15 ಲಕ್ಷ ಡಾಲರು. ಕೌನ್ಸಿಲ್ ರಿಯಾಯಿತಿ ತೋರಿಸಿ 3 ಲಕ್ಷಕ್ಕೆ ಇಳಿಯಿತು. ಅದರಲ್ಲೂ ಮುಕ್ಕಾಲು ಪಾಲು ಕಷ್ಟದಲ್ಲಿರುವ ಮುಷ್ಟಿಮಲ್ಲರ ನೆರವಿನ ನಿಧಿಗೆ ಹೋಗುವುದೆಂದು ತಿಳಿಸಿತು. ಕ್ರಾಫರ್ಡ್ ಕೊಡಲಿಲ್ಲ. ಡಿಸೆಂಬರಿನಲ್ಲಿ ಕೌನ್ಸಿಲ್ ಪಟ್ಟವನ್ನು ಹಿಂತೆಗೆದುಕೊಂಡಿತು. ಅದೇ ತಿಂಗಳು ಆತ ಸೋಲರಿಯದೆಯೇ ನಿವೃತ್ತಿಯನ್ನು ಸಾರಿದನು.

ಇಷ್ಟು ಕೇಳಿದಾಗ ಕೋಟ್ಯಧೀಶನೊಬ್ಬನ ಜಿಪುಣತನವೆಂದು ತೋರಬಹುದು. ಆದರೆ ನಿಯಮವು ಕೋಟ್ಯಧೀಶನಿಗೆ ಮಾತ್ರ ಇರುವುದಲ್ಲ. ಸಣ್ಣ ಪಟ್ಟಕ್ಕೆ ಸೆಣಸುವ ಹುಡುಗನ ಸಂಭಾವನೆಯಲ್ಲಿ ತರಬೇತಿದಾರನಿಗೆ ವಾಡಿಕೆಯಂತೆ ನೂರಕ್ಕೆ ಹತ್ತು ಹೋಗಿ, ವ್ಯವಸ್ಥಾಪಕನ ಪಾಲು ಹೋಗಿ, ತೆರಿಗೆ ಹೋಗಿ ಉಳಿಯುವುದು ಎಷ್ಟು? ಶುಲ್ಕವನ್ನು ಲೆಕ್ಕ ಹಾಕುವುದಾದರೋ ಉಳಿದ ಹಣದ ಮೇಲಲ್ಲ, ಮೊದಲ ಹಣದ ಮೇಲೆ. ಈ ಆಟ ನಮ್ಮ ದೇಶಕ್ಕೂ ಬಂದಿದೆ. ಒಲಿಂಪಿಕ್ಸಿನಲ್ಲಿ ಪದಕ ಗೆದ್ದ ವಿಜೇಂದರ್ ಸಿಂಗ್ ಅವರು 2016ರ ಜುಲೈಯಲ್ಲಿ ದೆಹಲಿಯಲ್ಲಿ ಏಷ್ಯಾ ಪೆಸಿಫಿಕ್ ಪಟ್ಟವನ್ನು ಗೆದ್ದದ್ದು ಇಂಥದೇ ಒಂದು ಸಂಸ್ಥೆಯ ಹೆಸರಿನಲ್ಲಿ. ನಾಳೆ ನಮ್ಮ ಕಡೆಯ ಹುಡುಗನೊಬ್ಬ ಕೈಗವಸು ತೊಟ್ಟರೆ ಈ ಕಾಗದ ಅವನ ಮುಂದೆಯೂ ಬರುವುದು.

ಹಾಗಾದರೆ ಶುಲ್ಕವೆಂಬುದೇ ಅನ್ಯಾಯವೆ? ಹಾಗೆ ಹೇಳಿಬಿಡುವುದು ಸುಲಭ, ನಾನು ಹೇಳಲಾರೆ. ನಮ್ಮ ಜಾತ್ರೆಯ ಕಡಕ್ಕೆ ಒಂದು ಕೊರತೆಯುಂಟು. ಅದು ಊರು ದಾಟುವುದಿಲ್ಲ. ಮಾಣಿಕನಗರದಲ್ಲಿ ಕಡ ತೊಟ್ಟವನು ಸೊಲ್ಲಾಪುರಕ್ಕೆ ಹೋದರೆ ಅಲ್ಲಿ ಹೊಸದಾಗಿ ತೋರಿಸಬೇಕು. ಯಾರು ಯಾರನ್ನು ಎಲ್ಲಿ ಎಂದು ಚಿತ್ ಮಾಡಿದರೆಂಬ ದಫ್ತರವಿಲ್ಲ. ಯಾರ ಜೊತೆ ಯಾರ ಜೋಡಿ ಎಂಬುದು ಕಣದ ಸುತ್ತ ನಿಂತ ಹಿರಿಯರ ಕಣ್ಣಂದಾಜು. ಲೋಕಕ್ಕೆಲ್ಲ ಒಪ್ಪಿಗೆಯಾಗುವ ಪಟ್ಟ ಬೇಕಾದರೆ ದಫ್ತರ ಇಡುವವನು, ತೂಕ ನೋಡುವವನು, ತೀರ್ಪುಗಾರನು, ವೈದ್ಯನು ಬೇಕು. ಅವರಿಗೆ ಸಂಬಳವೂ ಬೇಕು. ಕೌನ್ಸಿಲ್ ಒಳ್ಳೆಯ ಕೆಲಸವನ್ನೂ ಮಾಡಿದೆ. 1982ರ ನವೆಂಬರಿನಲ್ಲಿ ಕೊರಿಯಾದ ಕಿಮ್ ಡುಕ್ ಕೂ ಎಂಬ ತರುಣ ಹದಿನಾಲ್ಕನೆಯ ಸುತ್ತಿನಲ್ಲಿ ಕುಸಿದು, ಕೆಲವೇ ದಿನಗಳಲ್ಲಿ ತೀರಿಕೊಂಡಾಗ, ಪಟ್ಟದ ಕಾಳಗವನ್ನು ಹದಿನೈದು ಸುತ್ತುಗಳಿಂದ ಹನ್ನೆರಡಕ್ಕೆ ಇಳಿಸುವುದರಲ್ಲಿ ಮೊದಲಿಗನಾದದ್ದು ಈ ಕೌನ್ಸಿಲೇ. ಉಳಿದವು ಹಿಂದೆ ಬಂದವು.

ಸಂಬಳ ಕೊಡೋಣ. ಆದರೆ ಸಂಬಳವು ಕೆಲಸವನ್ನು ನೋಡಬೇಕೇ ಹೊರತು ದುಡಿದವನ ಜೇಬನ್ನು ನೋಡಬಾರದು. ತಕ್ಕಡಿಯಲ್ಲಿ ನಿಲ್ಲಿಸಿ ತೂಕ ಬರೆಯುವ ಶ್ರಮ ಐದು ಕೋಟಿಯವನಿಗೂ ಐದು ಸಾವಿರದವನಿಗೂ ಒಂದೇ. ಇದು ಮೊದಲ ಆಕ್ಷೇಪ. ಎರಡನೆಯದು ಇದಕ್ಕಿಂತ ದೊಡ್ಡದು: ಪಾಲಿನ ಮೇಲೆ ಬದುಕುವ ಸಂಸ್ಥೆಗೆ ದೊಡ್ಡ ಹಣ ತರುವವನ ಮೇಲೆ ಕಣ್ಣು ಬೀಳದೆ ಇರುವುದು ಕಷ್ಟ. ಇಂಟರ್ನ್ಯಾಷನಲ್ ಬಾಕ್ಸಿಂಗ್ ಫೆಡರೇಷನ್ನಿನ ಸ್ಥಾಪಕ ಅಧ್ಯಕ್ಷ ರಾಬರ್ಟ್ ಲೀ, ಶ್ರೇಯಾಂಕಕ್ಕಾಗಿ ಲಂಚ ತೆಗೆದುಕೊಂಡನೆಂದು 1999ರಲ್ಲಿ ಆರೋಪಕ್ಕೆ ಗುರಿಯಾದನು. ಕೆಲವು ಆರೋಪಗಳಿಂದ ಬಿಡುಗಡೆಯಾದರೂ 2000ರಲ್ಲಿ ತೆರಿಗೆ ವಂಚನೆ ಮೊದಲಾದ ಅಪರಾಧಗಳು ಸಾಬೀತಾಗಿ ಸೆರೆವಾಸ ವಿಧಿಸಲ್ಪಟ್ಟಿತು. ಜರ್ಮನಿಯ ಗ್ರಾಸಿಯಾನೊ ರೋಕಿಜಿಯಾನಿಯ ಕಥೆ ಇನ್ನೂ ವಿಚಿತ್ರ. 1998ರಲ್ಲಿ ಬರ್ಲಿನ್ನಿನಲ್ಲಿ ಆತ ಗೆದ್ದ ಪಟ್ಟವನ್ನು ಕೌನ್ಸಿಲ್ ಆಮೇಲೆ 'ಅದು ಹಂಗಾಮಿ ಪಟ್ಟ' ಎಂದುಬಿಟ್ಟಿತು. ಹೆಚ್ಚು ಹೆಸರಿನ ರಾಯ್ ಜೋನ್ಸ್ ಹಳೆಯ ಗಾದಿಗೆ ಮರಳಿದನು. ಜರ್ಮನ್ನನು ನ್ಯೂಯಾರ್ಕಿನ ನ್ಯಾಯಾಲಯಕ್ಕೆ ಹೋದನು. 2002ರಲ್ಲಿ ಮೂರು ಕೋಟಿ ಡಾಲರಿಗೂ ಮಿಕ್ಕ ಪರಿಹಾರದ ತೀರ್ಪು ಬಂದು, ಕೌನ್ಸಿಲ್ ದಿವಾಳಿಯ ಬಾಗಿಲಿಗೆ ಹೋಗಿ, ಕಡೆಗೆ 2004ರಲ್ಲಿ ರಾಜಿಯಾಯಿತು. ಅಂದರೆ ಶುಲ್ಕ ಕೊಟ್ಟರೂ ಪಟ್ಟ ನಿಲ್ಲುವುದೆಂಬ ಭರವಸೆಯಿಲ್ಲ.

ಪಟ್ಟ ಕೊಡುವ ಅಧಿಕಾರವೇ ಜಗಳದ ಬೇರು ಎಂಬುದನ್ನು ಕಾಣಲು ನಾವು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಬಸವಕಲ್ಯಾಣದ ಗಡಿಯಾಚೆ ಉಮರ್ಗಾ; ಅದು ಧಾರಾಶಿವ ಜಿಲ್ಲೆ. 2023ರ ನವೆಂಬರಿನಲ್ಲಿ ಕುಸ್ತಿಯ ಎರಡು ಬಣಗಳ ತಕರಾರಿನಿಂದಾಗಿ 'ಮಹಾರಾಷ್ಟ್ರ ಕೇಸರಿ' ಪಂದ್ಯ ಎರಡೆರಡು ಬಾರಿ ನಡೆಯಿತು: ಪುಣೆಯ ಬಳಿಯ ಫುಲಗಾಂವಿನಲ್ಲಿ ಗೆದ್ದವರು ಸಿಕಂದರ್ ಶೇಖ್, ಧಾರಾಶಿವದಲ್ಲಿ ಗೆದ್ದವರು ಶಿವರಾಜ್ ರಾಕ್ಷೆ. ಒಂದೇ ತಿಂಗಳು, ಒಂದೇ ರಾಜ್ಯ, ಇಬ್ಬರು ಕೇಸರಿಗಳು. ಪೈಲ್ವಾನರ ತಪ್ಪು ಇದರಲ್ಲಿ ಏನೂ ಇಲ್ಲ. ನಮ್ಮ ಬೆಳಗಾವಿ ಜಿಲ್ಲೆಯ ಯಕ್ಸಂಬಾದಿಂದ ಹೋದ ಶ್ರೀಪತಿ ಖಂಚನಾಳೆಯವರು 1959ರಲ್ಲಿ 'ಹಿಂದ್ ಕೇಸರಿ' ಆದಾಗ ಆ ವರ್ಷದ ಕೇಸರಿ ಯಾರೆಂದು ಯಾರೂ ಎರಡು ಸಲ ಕೇಳಬೇಕಾಗಿರಲಿಲ್ಲ.

ಅಮೆರಿಕದವರು 2000ರಲ್ಲಿ ಮಹಮದ್ ಅಲಿಯ ಹೆಸರಿನಲ್ಲಿ ಒಂದು ಕಾನೂನು ಮಾಡಿದರು. ಶ್ರೇಯಾಂಕ ಹೇಗೆ ಕೊಡುತ್ತೀರಿ, ಶುಲ್ಕ ಎಷ್ಟು ತೆಗೆದುಕೊಳ್ಳುತ್ತೀರಿ ಎಂಬುದನ್ನು ಸಂಸ್ಥೆಗಳು ಬಹಿರಂಗಪಡಿಸಬೇಕೆಂದು ಅದು ವಿಧಿಸಿತು. ಒಳ್ಳೆಯದೇ. ಶುಲ್ಕಕ್ಕೆ ಮಾತ್ರ ಮಿತಿ ಹಾಕಲಿಲ್ಲ. ನನ್ನ ಮಟ್ಟಿಗೆ ಶುಲ್ಕವು ಕೆಲಸಕ್ಕೆ ತಕ್ಕ ಗೊತ್ತಾದ ಮೊತ್ತವಾಗಿರಬೇಕು. ಅದನ್ನು ಟಿಕೇಟು ಮಾರುವ, ಪ್ರಸಾರದ ಹಕ್ಕು ಮಾರುವ ವ್ಯವಸ್ಥಾಪಕನು ಕೊಡಬೇಕು. ಹೊಡೆತ ತಿಂದವನ ಕೂಲಿಯಿಂದ ಕತ್ತರಿಸಬಾರದು. ಬಾಕಿ ಉಳಿದರೆ ಅದು ಸಾಲ; ಸಾಲವನ್ನು ಸಾಲದ ದಾರಿಯಲ್ಲಿ ವಸೂಲು ಮಾಡಲಿ. ಸಾಲ ತೀರಲಿಲ್ಲವೆಂದು, ಸಾವಿರಾರು ಜನರ ಕಣ್ಣೆದುರಿಗೆ ಗೆದ್ದ ಗೆಲುವನ್ನು ಇಲ್ಲವೆನ್ನುವ ಅಧಿಕಾರ ಯಾವ ದಫ್ತರದವನಿಗೂ ಇರಬಾರದು.

ಉಳಿದದ್ದು ಆ ನೆರವಿನ ನಿಧಿಯ ಮಾತು. ಇದನ್ನು ತಳ್ಳಿಹಾಕುವಂತಿಲ್ಲ. ತಲೆಗೆ ಪೆಟ್ಟು ತಿಂದು ಬಾಳಿದ ಮುಷ್ಟಿಮಲ್ಲರ ಮುಪ್ಪು ಭೀಕರವಾದುದು. ಕ್ರಾಫರ್ಡ್ ಕೊಟ್ಟಿದ್ದರೆ 2 ಲಕ್ಷ 25 ಸಾವಿರ ಡಾಲರು ಅಂಥವರಿಗೆ ಸೇರುತ್ತಿತ್ತು. ಆದರೆ ಪಟ್ಟ ಕಿತ್ತುಕೊಳ್ಳುವೆನೆಂಬ ಬೆದರಿಕೆಯಿಂದ ಬರುವ ಹಣಕ್ಕೆ ಧರ್ಮವೆಂದು ಹೆಸರಿಡುವುದು ಹೇಗೆ? ಮುಪ್ಪಿನ ಪೈಲ್ವಾನನನ್ನು ನೋಡಿಕೊಳ್ಳಲು ಬೇರೆ ಬಗೆಯೂ ಇದೆ. ಕರ್ನಾಟಕ ಸರ್ಕಾರವು ಮಾಜಿ ಪೈಲ್ವಾನರಿಗೆ ಮಾಸಾಶನ ಕೊಡುತ್ತದೆ. ಮೊತ್ತ ಸಾಲದೆಂಬ ದೂರು ಗರಡಿಗಳಲ್ಲಿ ಯಾವಾಗಲೂ ಕೇಳಿಬರುವುದು, ಅದು ನ್ಯಾಯವೂ ಹೌದು. ಆದರೆ ಅದು ಇನ್ನೊಬ್ಬ ಪೈಲ್ವಾನನ ಕೈಯ ಕಡದಿಂದ ಕೆರೆದು ತೆಗೆದ ಬೆಳ್ಳಿಯಲ್ಲ. ಆ ಕೈಗಳ ಆಟವನ್ನು ನೋಡಿ ಸಂತೋಷಪಟ್ಟ ನಮ್ಮೆಲ್ಲರ ತೆರಿಗೆಯ ಹಣ.