ಉದರದ ಶಸ್ತ್ರಕ್ರಿಯೆಯೂ ಮಸ್ತಿಷ್ಕದ್ರವದ ನಾಳವೂ



ಯಾವ ಹಿರಿಯ ಶಸ್ತ್ರವೈದ್ಯರ ಸ್ಮರಣಾರ್ಥವಾಗಿ ಈ ದತ್ತಿಯು ಸ್ಥಾಪಿತವಾಗಿದೆಯೋ ಅವರ ಹೆಸರಿನ ಕೆಳಗೆ ನನ್ನ ಹೆಸರೂ ಅಚ್ಚಾಗುವ ಪ್ರಸಂಗ ಒದಗಿಬಂದುದು ನನ್ನ ಯೋಗ್ಯತೆಗಿಂತ ತಮ್ಮ ಔದಾರ್ಯಕ್ಕೇ ಹೆಚ್ಚಾಗಿ ಸಲ್ಲತಕ್ಕದ್ದು. ಹೊಟ್ಟೆಯನ್ನು ತೆರೆಯುವ ಮುನ್ನ ರೋಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಬೇಕೆಂದು ಶಿಷ್ಯರಿಗೆ ಬೋಧಿಸುತ್ತಿದ್ದ ಅವರಿಗೆ ಇಂದಿನ ವಿಷಯ ಅಪ್ರಿಯವಾಗುತ್ತಿರಲಿಲ್ಲವೆಂದು ನಂಬಿದ್ದೇನೆ.

ಮಸ್ತಿಷ್ಕದ ಕುಹರಗಳಲ್ಲಿ ದಿನಕ್ಕೆ ಸುಮಾರು 500 ಮಿಲಿಲೀಟರ್ ದ್ರವ ಉತ್ಪನ್ನವಾಗುತ್ತದೆಂಬುದೂ, ಅದರ ದಾರಿ ಕಟ್ಟಿಕೊಂಡಾಗ ಜಲಶೀರ್ಷ ಉಂಟಾಗುತ್ತದೆಂಬುದೂ, ನಮ್ಮ ದೇಶದಲ್ಲಿ ಮಿದುಳುಪೊರೆಯ ಕ್ಷಯ ಅದಕ್ಕೊಂದು ಮುಖ್ಯ ಕಾರಣವೆಂಬುದೂ ಪಠ್ಯಪುಸ್ತಕಗಳಲ್ಲಿ ವಿಸ್ತಾರವಾಗಿ ದೊರೆಯುವ ಸಂಗತಿಗಳು. ಆ ದ್ರವವನ್ನು ಬೇರೆಡೆಗೆ ಹರಿಸುವ, ಕವಾಟವುಳ್ಳ ನಾಳವಾದ ಷಂಟಿನ, ಅಮೆರಿಕದ ಯಂತ್ರಕರ್ಮಿ ಜಾನ್ ಹೋಲ್ಟರ್ 1950ರ ದಶಕದಲ್ಲಿ ತನ್ನ ಮಗನಿಗಾಗಿ ರೂಪಿಸಿದ ಸಿಲಿಕೋನ್ ಕವಾಟದಿಂದ ಮೊದಲ್ಗೊಂಡು ಉತ್ತರಪ್ರದೇಶದ ಷಹಜಹಾನ್‌ಪುರದಲ್ಲಿ ತಯಾರಾಗುವ ಅಗ್ಗದ ಛಾಬ್ರಾ ಷಂಟಿನವರೆಗಿನ ಇತಿಹಾಸವೂ ಅಂತೆಯೇ. ಕಿವಿಯ ಹಿಂದಿನಿಂದ ಹೊರಟು, ಕತ್ತು ಎದೆಗಳ ಚರ್ಮದಡಿಯಲ್ಲಿ ಇಳಿದು, ಉದರಕುಹರದಲ್ಲಿ ಕೊನೆಗೊಳ್ಳುವ ಆ ನಾಳವನ್ನು ಹೊತ್ತ ಮಕ್ಕಳು ಇಂದು ವಯಸ್ಕರಾಗಿ, ಪಿತ್ತಕೋಶದ ಕಲ್ಲಿಗೋ ಅಪೆಂಡಿಕ್ಸಿನ ನೋವಿಗೋ ಹೆರಿಗೆಗೋ ನಮ್ಮ ಬಳಿಗೆ ಬರುತ್ತಿದ್ದಾರೆಂಬುದೊಂದೇ ನಮಗಿಲ್ಲಿ ಪ್ರಕೃತವಾದದ್ದು.

ವಿವಾದವಿರುವುದು ಲ್ಯಾಪರೋಸ್ಕೋಪಿಯ ಸುತ್ತ. ಈ ವಿಧಾನದಲ್ಲಿ ಹೊಟ್ಟೆಯೊಳಗೆ ಇಂಗಾಲದ ಡೈ ಆಕ್ಸೈಡನ್ನು ಪಾದರಸದ 12ರಿಂದ 15 ಮಿಲಿಮೀಟರ್ ಒತ್ತಡದವರೆಗೆ ತುಂಬುತ್ತಾರಷ್ಟೆ. ಆ ಅನಿಲ ನಾಳದ ಮೂಲಕ ಮೇಲೇರಿ ಮಿದುಳನ್ನು ಸೇರೀತೆಂಬ ಭಯದಿಂದ ಒಂದು ಪಕ್ಷದವರು ಶಸ್ತ್ರಕ್ರಿಯೆಯುದ್ದಕ್ಕೂ ನಾಳವನ್ನು ಇಕ್ಕುಳದಿಂದ ಬಿಗಿಹಿಡಿಯಬೇಕೆನ್ನುತ್ತಾರೆ, ಇಲ್ಲವೇ ಅದರ ತುದಿಯನ್ನು ಹೊರಕ್ಕೆಳೆದಿಡಬೇಕೆನ್ನುತ್ತಾರೆ. ಈ ಭಯಕ್ಕೆ 1999ರಲ್ಲಿಯೇ ಉತ್ತರ ದೊರೆತಿದೆ: ನೀಲ್ ಮತ್ತು ಫಾಕ್ ಎಂಬ ಸಂಶೋಧಕರು ಕವಾಟಗಳನ್ನು ಪ್ರಯೋಗಶಾಲೆಯಲ್ಲಿಟ್ಟು, ಯಾವ ಶಸ್ತ್ರವೈದ್ಯನೂ ಉದರದಲ್ಲಿ ತುಂಬದಷ್ಟು ಹಿಮ್ಮುಖದ ಒತ್ತಡವನ್ನು ಹೇರಿದಾಗಲೂ ಅವು ತಡೆದು ನಿಂತವು. ಇಕ್ಕುಳದವರಾದರೋ, ಬಾರದ ಅನಿಲವನ್ನು ತಡೆಯಲೆಂದು ಇಳಿಯಬೇಕಾದ ದ್ರವವನ್ನು ತಾವೇ ತಡೆಯುತ್ತಾರೆ. ಆರೋಗ್ಯವಾಗಿರುವ ನಾಳವನ್ನು ಹೊರಕ್ಕೆಳೆಯುವವರು ಚರ್ಮದ ಮೇಲಿನ ರೋಗಾಣುಗಳಿಗೆ ಮಿದುಳಿನವರೆಗೆ ಹೆದ್ದಾರಿಯೊಂದನ್ನು ತೆರೆದುಕೊಡುತ್ತಾರೆ.

ಇನ್ನೊಂದು ಪಕ್ಷದವರ ನಿಶ್ಚಿಂತೆಯೂ ನನಗೆ ಸಮ್ಮತವಲ್ಲ. ಕವಾಟ ಹಿಮ್ಮುಖವಾಗಿ ತೆರೆಯದೆಂದಮಾತ್ರಕ್ಕೆ ವಿಶೇಷ ಎಚ್ಚರಿಕೆಯೇ ಅನಾವಶ್ಯಕವೆನ್ನುವ ಇವರು, ಜ್ಯಾಕ್‌ಮನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ, ಇಪ್ಪತ್ತಕ್ಕೂ ಕಡಿಮೆ ಶಸ್ತ್ರಕ್ರಿಯೆಗಳ ಅನುಭವವನ್ನು ಮುಂದಿಡುತ್ತಾರೆ. ಆದರೆ 1997ರಲ್ಲಿ ಉಝೋ ಮತ್ತು ಸಂಗಡಿಗರು, ಕೇವಲ ಇಬ್ಬರಲ್ಲಿಯೇ ಆಗಲಿ, ತಲೆಬುರುಡೆಯೊಳಗಿನ ಒತ್ತಡವನ್ನು ನೇರವಾಗಿ ಅಳೆದಾಗ, ಅನಿಲ ತುಂಬುತ್ತಿದ್ದಂತೆಯೇ ಅದು ಏರಿದುದನ್ನು ಕಂಡರು. ಅಳೆಯದವರು ಏರಿಕೆಯನ್ನು ಕಾಣಲಿಲ್ಲವೆಂಬುದು ಏರಿಕೆಯಿಲ್ಲವೆಂಬುದಕ್ಕೆ ಪ್ರಮಾಣವಾಗಲಾರದು.

ಎರಡೂ ಪಕ್ಷಗಳು ಅನಿಲ ಮೇಲೇರುವುದೋ ಇಲ್ಲವೋ ಎಂದು ಕಾದಾಡುತ್ತಿರುವಾಗ, ದ್ರವ ಕೆಳಗಿಳಿಯುತ್ತಿದೆಯೇ ಎಂಬ ಪ್ರಶ್ನೆ ಅನಾಥವಾಗಿ ಉಳಿದಿದೆ. ಸ್ಥೂಲವಾದ ಲೆಕ್ಕವೊಂದನ್ನು ಗಮನಿಸಿ. ಕವಾಟ ತೆರೆಯಲು ನೀರಿನ 10 ಸೆಂಟಿಮೀಟರ್ ಒತ್ತಡ ಬೇಕೆಂದಿಟ್ಟುಕೊಂಡರೆ, ಪಾದರಸದ 12 ಮಿಲಿಮೀಟರ್ ಅನಿಲ ಅದಕ್ಕೆ ಸುಮಾರು 16 ಸೆಂಟಿಮೀಟರನ್ನು ಕೂಡಿಸುತ್ತದೆ. ಅಂಗಾತ ಮಲಗಿದ ರೋಗಿಯ ಮಿದುಳಿನ ಒತ್ತಡ 26ನ್ನು ಮುಟ್ಟುವವರೆಗೆ ಹನಿಯೂ ಇಳಿಯದು. ತಲೆಗೂ ನಾಳದ ತುದಿಗೂ ಅರ್ಧ ಮೀಟರ್ ಅಂತರವೆಂದು ಭಾವಿಸಿ ಮೇಜಿನ ತಲೆಭಾಗವನ್ನು 20 ಡಿಗ್ರಿ ಎತ್ತಿದರೆ ಗುರುತ್ವಾಕರ್ಷಣೆ ಸುಮಾರು 17 ಸೆಂಟಿಮೀಟರನ್ನು ಮರಳಿಸಿಕೊಡುತ್ತದೆ. ಅಷ್ಟೇ ಇಳಿಸಿದರೆ ಬೇಕಾದ ಒತ್ತಡ 43ಕ್ಕೇರುತ್ತದೆ. ತಲೆಯನ್ನೆತ್ತಿ ಮಾಡುವ ಪಿತ್ತಕೋಶದ ಶಸ್ತ್ರಕ್ರಿಯೆಯನ್ನೂ ತಲೆಯನ್ನಿಳಿಸಿ ಮಾಡುವ ಅಪೆಂಡಿಕ್ಸಿನ ಶಸ್ತ್ರಕ್ರಿಯೆಯನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿ ಸುರಕ್ಷಿತವೆಂದು ಷರಾ ಬರೆಯುವವರು ಈ ಅಂತರವನ್ನು ಎಣಿಸಿಯೇ ಇಲ್ಲ. ಗಂಟೆಗೆ ಸುಮಾರು 20 ಮಿಲಿಲೀಟರಿನಂತೆ ದ್ರವ ಊರುತ್ತಲೇ ಇರುತ್ತದೆ. ರಕ್ತದಲ್ಲಿ ಸೇರುವ ಡೈ ಆಕ್ಸೈಡ್ ಮಿದುಳಿನ ರಕ್ತನಾಳಗಳನ್ನು ಹಿಗ್ಗಿಸಿ ಇದ್ದ ಅವಕಾಶವನ್ನೂ ಕಸಿಯುತ್ತದೆ.

ನಾನು ಅನುಸರಿಸುವ ಕ್ರಮ ಸರಳವಾದದ್ದು. ಕ್ಯಾಮೆರಾ ಒಳಹೊಕ್ಕೊಡನೆ, ಪಿತ್ತಕೋಶದ ಕಡೆಗೆ ತಿರುಗುವ ಮೊದಲು, ನಾಳದ ತುದಿಯನ್ನು ಹುಡುಕಿ ಅದರ ಮೇಲೆ ದೃಷ್ಟಿಯನ್ನು ನಿಲ್ಲಿಸುತ್ತೇನೆ. ಓಮೆಂಟಮಿನ ಹಳದಿ ಕೊಬ್ಬಿನ ಮೇಲೆ ಒರಗಿರುವ ಬಿಳಿಯ ನಾಳದ ಬಾಯಲ್ಲಿ ಸ್ವಚ್ಛವಾದ ಹನಿಯೊಂದು ಕಟ್ಟಿ, ಹೊಳೆದು, ಜಾರುತ್ತದೆ. ಒತ್ತಡ 12ಕ್ಕೇರಿದಾಗ ಹನಿ ಕಟ್ಟುವುದು ನಿಂತುಹೋದುದನ್ನೂ, 8ಕ್ಕಿಳಿಸಿ ಮೇಜಿನ ತಲೆಭಾಗವನ್ನೆತ್ತಿಸಿದಾಗ ಅದು ಮತ್ತೆ ಕಾಣಿಸಿಕೊಂಡುದನ್ನೂ ಕಣ್ಣಾರೆ ಕಂಡಿದ್ದೇನೆ. ಆದಕಾರಣ ನನ್ನ ಸಿದ್ಧಾಂತವಿಷ್ಟು: ಇಕ್ಕುಳ ಬೇಡ, ನಾಳವನ್ನು ಹೊರಗೆಳೆಯುವುದೂ ಬೇಡ, ಒತ್ತಡವನ್ನು ತಗ್ಗಿಸಿ, ತಲೆಯನ್ನು ಇಳಿಸಲೇಬೇಕಾದಲ್ಲಿ ಆ ಅವಧಿಯನ್ನು ಮೊಟಕುಗೊಳಿಸಿ, ಡೈ ಆಕ್ಸೈಡ್ ಏರದಂತೆ ಉಸಿರಾಟವನ್ನು ಕಾಯುವಂತೆ ಅರಿವಳಿಕೆಯವರನ್ನು ಮೊದಲೇ ಕೇಳಿಕೊಂಡು, ರಕ್ತ ಪಿತ್ತಗಳನ್ನು ತೊಳೆದು, ತುದಿಯನ್ನು ಗಾಯದಿಂದ ದೂರವಿರಿಸಿ ಹೊರಬರತಕ್ಕದ್ದು.

ಅಪೆಂಡಿಕ್ಸ್ ಒಡೆದು ಕೀವು ಹರಡಿದಲ್ಲಿ ಮಾತ್ರ ಈ ನಿಯಮ ಸಲ್ಲದು. ಅಲ್ಲಿ ತುದಿಯನ್ನು ಹೊರತೆಗೆದು, ದ್ರವವನ್ನು ಪರೀಕ್ಷೆಗೆ ಕಳುಹಿಸಿ, ಸೋಂಕು ಶಮನವಾದ ಬಳಿಕವೇ ಬೇರೆ ದಾರಿಯನ್ನು ಯೋಚಿಸಬೇಕು. ಸೋಂಕು ತಗುಲಿದ ನಾಳವೇ ಅಪೆಂಡಿಕ್ಸಿನ ವೇಷದಲ್ಲಿ ಬರುವುದುಂಟೆಂಬುದನ್ನೂ ಮರೆಯಲಾಗದು.

ಅಪಾಯ ಶಸ್ತ್ರಾಗಾರದ ಬಾಗಿಲಿಗೇ ಮುಗಿಯುವುದಿಲ್ಲ. ಅನಂತರದ ದಿನಗಳಲ್ಲಿ ಅಂಟುಪೊರೆಯೋ ಓಮೆಂಟಮೋ ತುದಿಯನ್ನು ಮುಚ್ಚಬಹುದು. ಆಗ ಬರುವ ವಾಂತಿಯನ್ನು ನಾವು ಕರುಳಿನ ಲೆಕ್ಕಕ್ಕೂ, ಮಂಕನ್ನು ಅರಿವಳಿಕೆಯ ಲೆಕ್ಕಕ್ಕೂ ಹಾಕಿ ನೆಮ್ಮದಿಯಿಂದಿರುತ್ತೇವೆ. ದತ್ತಿಪುರುಷರ ಬೋಧನೆ ಇಲ್ಲಿಯೇ ಸಾರ್ಥಕವಾಗುವುದು: ಹೊಟ್ಟೆಯ ರೋಗಿಯ ತಲೆಯನ್ನೂ ನೋಡಿ, ಸಿ.ಟಿ. ಚಿತ್ರವನ್ನು ಹಳೆಯದರೊಡನೆ ಹೋಲಿಸಿ ನರಶಸ್ತ್ರತಜ್ಞರನ್ನು ಕರೆಯಬೇಕು.

ಕವಾಟದ ಬಗೆ, ನಾಳ ಇಳಿದ ಪಾರ್ಶ್ವ, ಹನಿ ಕಂಡ ಒತ್ತಡ, ಮೇಜಿನ ಓಲಿಕೆ, ತುದಿಯನ್ನು ಬಿಟ್ಟುಬಂದ ಸ್ಥಾನ, ಇವಿಷ್ಟನ್ನು ಪ್ರತಿಯೊಬ್ಬ ಶಸ್ತ್ರವೈದ್ಯನೂ ತನ್ನ ಟಿಪ್ಪಣಿಯಲ್ಲಿ ಬರೆದಿಡಲೆಂಬುದು ನನ್ನ ವಿನಂತಿ. ಆ ದಾಖಲೆಗಳು ನನ್ನ ಮತವನ್ನು ಅಲ್ಲಗಳೆದರೆ ಅದನ್ನು ಕೈಬಿಡಲು ಸಿದ್ಧನಿದ್ದೇನೆ. ದಾಖಲೆಯಿಲ್ಲದ ಧೈರ್ಯಕ್ಕೆ ಮಾತ್ರ ಮಣಿಯಲಾರೆ.