‘ಸಾಕಷ್ಟು’ ಎಂದರೆ ಎಷ್ಟು?

(ಗಿರಣಿ ಕೆಲಸಗಾರರೂ ಪೇಟೆಯ ಸಣ್ಣ ವ್ಯಾಪಾರಿಗಳೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)

ಸಂಗಾತಿಗಳೇ, ಅಂಗಡಿ ಬಾಗಿಲು ಹಾಕಿ ಬಂದಿರುವ ಬಂಧುಗಳೇ,

ಈ ಸಂಜೆ ನಾವು ಬೋನಸ್ಸಿನ ವಿಷಯ ಮಾತನಾಡುತ್ತೇವೆಂದು ನೀವು ನಿರೀಕ್ಷಿಸಿದ್ದರೆ ಮನ್ನಿಸಬೇಕು. ಒಂದು ಹಾಸಿಗೆ, ಒಂದು ಚೊಂಬು ನೀರು, ಒಂದು ಕಕ್ಕಸು, ಈ ಮೂರರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇವೆ. ವಿಷಯ ಸಣ್ಣದೆಂದು ನಗಬೇಡಿ. ಧಣಿಗೆ ಮುಪ್ಪು ಬಂದರೆ ಅವನ ಬಂಗಲೆಯಲ್ಲಿ ನಾಲ್ಕು ಜನ ಆಳುಗಳಿರುತ್ತಾರೆ. ನಮಗೆ ನಿಮಗೆ ಬಂದರೆ ಯಾರಿದ್ದಾರೆ?

ಹೋದ ತಿಂಗಳು ನಾವು ಒಂದು ವೃದ್ಧಾಶ್ರಮಕ್ಕೆ ಹೋಗಿದ್ದೆವು. ಯಾವ ಊರು, ಯಾರು ನಡೆಸುವುದು ಎಂಬುದನ್ನು ಹೇಳುವುದಿಲ್ಲ. ಹೇಳಿದರೆ ತಪ್ಪೆಲ್ಲ ಆ ಒಂದು ಮನೆಯದೇ ಎಂದು ನೀವು ಸಮಾಧಾನ ಪಟ್ಟುಕೊಂಡುಬಿಡುತ್ತೀರಿ. ಅಲ್ಲಿ ಮುಚ್ಚಿಹೋದ ಗಿರಣಿಯ ನೂಲಿನ ಖಾತೆಯಲ್ಲಿ ದುಡಿದ ಒಬ್ಬ ಹಳೆಯ ಕೆಲಸಗಾರರಿದ್ದಾರೆ. ನಮ್ಮ ಸಂಘದ ಮೊದಲ ಕಾಲದ ಸದಸ್ಯರು. ಊಟದ ಹೊತ್ತು. ತಟ್ಟೆಯಲ್ಲಿ ಅನ್ನ ಸಾರು ಇತ್ತು, ನೀರಿನ ಲೋಟ ಮಾತ್ರ ತುಂಬಿದಂತೆಯೇ ಇತ್ತು. “ಅಜ್ಜಾ, ನೀರು ಕುಡಿಯಿರಿ” ಎಂದೆವು. ಅವರು ಸುತ್ತ ನೋಡಿ, ದನಿ ತಗ್ಗಿಸಿ, “ಬ್ಯಾಡ ಮೇಷ್ಟ್ರೇ. ಈಗ ನೀರು ಕುಡಿದರೆ ರಾತ್ರಿ ಒಂದಕ್ಕೆ ಏಳಬೇಕಾಗುತ್ತೆ. ಕಕ್ಕಸು ಅಂಗಳದ ಆ ತುದಿಗೆ ಐತೆ. ದೀಪ ಇಲ್ಲ. ಹೋದ ಸಲ ಬಿದ್ದಿದ್ದೆ” ಎಂದರು.

ಬೇಸಿಗೆಯಲ್ಲಿ, ಎಪ್ಪತ್ತು ದಾಟಿದ ಮನುಷ್ಯ, ಬೀಳುವ ಭಯದಿಂದ ಬಾಯಾರಿಕೊಂಡು ಮಲಗುತ್ತಾರೆ. ನೀರು ಕಡಿಮೆಯಾದರೆ ಮುದುಕರಿಗೆ ತಲೆ ಸುತ್ತುತ್ತದೆ, ಮಲ ಕಟ್ಟುತ್ತದೆ, ಮೂತ್ರದಲ್ಲಿ ಉರಿ ಎದ್ದು ಜ್ವರ ಬರುತ್ತದೆ. ಆಮೇಲೆ ಅದಕ್ಕೆ ‘ವಯಸ್ಸಾಯಿತು’ ಎಂದು ಹೆಸರಿಡುತ್ತಾರೆ. ವಯಸ್ಸಿನದೇನು ತಪ್ಪು? ಒಂದು ದೀಪದ ಬುರುಡೆ ಇಲ್ಲದ್ದು, ಗೋಡೆಗೆ ಹಿಡಿದುಕೊಳ್ಳುವ ಒಂದು ಕಂಬಿ ಇಲ್ಲದ್ದು ತಪ್ಪು.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಮಕ್ಕಳನ್ನು ಸಾಲಾಗಿ ಇಂಥದೇ ಒಂದು ಮನೆಗೆ ಕರೆದುಕೊಂಡು ಹೋಗಿ ಬ್ರೆಡ್ಡು, ಬಾಳೆಹಣ್ಣು ಹಂಚಿದ್ದೆವು. ಫೋಟೋ ತೆಗೆಸಿಕೊಂಡೆವು. ಅಂದು ನೆಲವೆಲ್ಲ ಫಿನಾಯಿಲ್ ವಾಸನೆ. ಮಂಚಗಳ ಮೇಲೆ ಇಸ್ತ್ರಿಯ ಮಡಿಕೆ ಬಿಚ್ಚದ ಹೊಸ ಹಾಸುಗಳು. ಬಹಳ ಚೊಕ್ಕಟವಾಗಿದೆಯೆಂದು ಹೊಗಳಿ ಬಂದೆವು. ಕಕ್ಕಸಿನ ಬಾಗಿಲು ತೆರೆದು ನೋಡಲಿಲ್ಲ. ದಾನಿಗಳು ಬರುವ ದಿನದ ಚೊಕ್ಕಟ ಬೇರೆ, ಮಂಗಳವಾರ ರಾತ್ರಿ ಎರಡು ಗಂಟೆಯ ಚೊಕ್ಕಟ ಬೇರೆ ಎಂಬುದು ಆಗ ನಮಗೆ ಹೊಳೆಯಲಿಲ್ಲ.

ಈಗ ಕಾಯಿದೆಯ ಮಾತಿಗೆ ಬರೋಣ. ಮೊದಲು ಗಿರಣಿಯದು, ಏಕೆಂದರೆ ಅದು ನಿಮಗೆ ಗೊತ್ತಿರುವುದು. ೧೯೪೮ರ ಕಾರ್ಖಾನೆ ಕಾಯಿದೆ ಏನು ಹೇಳುತ್ತಿತ್ತು? ಅದರ ೧೧ನೆಯ ಕಲಮಿನಲ್ಲಿ, ಕೆಲಸದ ಕೋಣೆಯ ನೆಲವನ್ನು ವಾರಕ್ಕೊಮ್ಮೆಯಾದರೂ ತೊಳೆಯಬೇಕು, ಸುಣ್ಣದ ಗೋಡೆಗೆ ೧೪ ತಿಂಗಳಿಗೊಮ್ಮೆಯಾದರೂ ಮತ್ತೆ ಸುಣ್ಣ ಬಳಿಯಬೇಕು ಎಂದಿತ್ತು. ೧೮ನೆಯ ಕಲಮಿನಲ್ಲಿ, ಅಧಿಕಾರಿ ಬರೆದು ಒಪ್ಪಿದ ಹೊರತು ಕುಡಿಯುವ ನೀರು ಕಕ್ಕಸಿಗೆ ೬ ಮೀಟರಿಗಿಂತ ಹತ್ತಿರ ಇರಕೂಡದು. ನೀರಿನ ಜಾಗದಲ್ಲಿ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ ‘ಕುಡಿಯುವ ನೀರು’ ಎಂದು ಬರೆದಿರಬೇಕು. ೨೫೦ಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಬೇಸಿಗೆಯಲ್ಲಿ ನೀರನ್ನು ತಂಪು ಮಾಡಿ ಕೊಡಬೇಕು ಎಂದಿತ್ತು. ೧೯ನೆಯ ಕಲಮು ಇನ್ನೂ ಮುಖ್ಯವಾದದ್ದು. ಕಕ್ಕಸುಗಳಿಗೆ ಬೆಳಕು ಗಾಳಿ ಇರಬೇಕು, ಅವನ್ನು ಚೊಕ್ಕಟವಾಗಿಡುವುದೇ ಮುಖ್ಯ ಕೆಲಸವಾಗಿರುವ ಆಳುಗಳನ್ನು ನೇಮಿಸಬೇಕು ಎಂದು ಅಲ್ಲಿ ಬರೆದಿತ್ತು.

ಆ ಕಾಯಿದೆಯನ್ನು ಧಣಿಗಳು ಎಷ್ಟು ಪಾಲಿಸಿದರು ಎಂಬುದು ನಿಮಗೇ ಗೊತ್ತು. ಅದರ ಜಾಗಕ್ಕೆ ೨೦೨೦ರ ಹೊಸ ಸಂಹಿತೆಯನ್ನು ೨೦೨೫ರ ನವೆಂಬರಿನಲ್ಲಿ ಜಾರಿಗೆ ತಂದರು. ಅದರ ಒಳಿತು ಕೆಡುಕುಗಳನ್ನು ಇನ್ನೊಂದು ಸಭೆಯಲ್ಲಿ ನೋಡೋಣ. ನಾವು ಹೇಳುವುದಿಷ್ಟೆ. ಆ ಅಜ್ಜ ಗಿರಣಿಯಲ್ಲಿದ್ದಷ್ಟು ಕಾಲ ಅವರ ನೀರಿಗೆ, ನೆಲಕ್ಕೆ, ಕಕ್ಕಸಿಗೆ ಎಣಿಸಬಹುದಾದ ಒಂದು ಲೆಕ್ಕವಿತ್ತು. ವಾರ, ತಿಂಗಳು, ಮೀಟರು ಎಂಬ ಲೆಕ್ಕ. ಆ ಲೆಕ್ಕ ಇದ್ದದ್ದರಿಂದಲೇ ಸಂಘದವರು ಮ್ಯಾನೇಜರನ ಮೇಜಿನ ಮುಂದೆ ನಿಂತು ಕೇಳಲು ಸಾಧ್ಯವಾಯಿತು.

ಅದೇ ಮನುಷ್ಯ ಮುದುಕರಾಗಿ ವೃದ್ಧಾಶ್ರಮಕ್ಕೆ ಬಂದರು. ಇಲ್ಲಿ ಯಾವ ಕಾಯಿದೆ? ೨೦೦೭ರಲ್ಲಿ ತಂದೆ ತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆ, ಕಲ್ಯಾಣದ ಕಾಯಿದೆ ಬಂತು. ಅದರ ೧೯ನೆಯ ಕಲಮು, ಜಿಲ್ಲೆಗೆ ಕನಿಷ್ಠ ಒಂದರಂತೆ ಮೊದಲುಮಾಡಿ, ೧೫೦ ಮಂದಿ ಬಡ ವೃದ್ಧರಿಗೆ ಇರಲು ಸ್ಥಳ ಸಿಗುವಂತೆ ರಾಜ್ಯ ಸರ್ಕಾರ ವೃದ್ಧಾಶ್ರಮಗಳನ್ನು ಸ್ಥಾಪಿಸಬಹುದು ಎನ್ನುತ್ತದೆ. ‘ಸ್ಥಾಪಿಸಬಹುದು’! ‘ಸ್ಥಾಪಿಸತಕ್ಕದ್ದು’ ಎಂದಲ್ಲ. ಮೇಷ್ಟರ ಕೆಲಸ ಮಾಡಿದ ನಮಗೆ ಈ ಎರಡು ಕ್ರಿಯಾಪದಗಳ ವ್ಯತ್ಯಾಸ ಗೊತ್ತು. ‘ನಾಳೆ ಲೆಕ್ಕ ಮಾಡಿಕೊಂಡು ಬರಬಹುದು’ ಎಂದರೆ ಯಾವ ಹುಡುಗ ಮಾಡಿಕೊಂಡು ಬರುತ್ತಾನೆ?

ಈ ಕಾಯಿದೆಗಾಗಿ ಕೇಂದ್ರ ಸರ್ಕಾರ ಒಂದು ಮಾದರಿ ನಿಯಮಾವಳಿಯನ್ನೂ ಬರೆಯಿತು. ಅದರಲ್ಲಿ ಮಲಗುವ ಜಾಗ ತಲೆಗೆ ೭.೫ ಚದರ ಮೀಟರು, ಎಂದರೆ ಸುಮಾರು ೮೦ ಚದರ ಅಡಿ ಇರಬೇಕೆಂದಿದೆ. ಇಳಿಜಾರು ದಾರಿ, ಹಿಡಿಕಂಬಿ ಇರಬೇಕೆಂದಿದೆ. ಒಳ್ಳೆಯದು. ಮುಂದೆ ಓದಿದರೆ, ಸಾಕಷ್ಟು ನೀರು. ಸಾಕಷ್ಟು ಕಕ್ಕಸು, ಬಚ್ಚಲು. ಸಾಕಷ್ಟು ಬಟ್ಟೆ, ಹಾಸು ಹೊದಿಕೆ. ನೈರ್ಮಲ್ಯಕ್ಕೆ ಸಾಕಷ್ಟು ವ್ಯವಸ್ಥೆ.

ವ್ಯಾಪಾರಿ ಬಂಧುಗಳೇ, ನಿಮ್ಮನ್ನೇ ಕೇಳುತ್ತೇವೆ. ಗಿರಾಕಿ ಬಂದು ‘ಸಾಕಷ್ಟು ಅಕ್ಕಿ ಕೊಡಿ’ ಎಂದರೆ, ‘ಎಷ್ಟು ಕಿಲೋ, ಹೇಳಪ್ಪಾ’ ಎಂದು ನೀವು ಕೇಳುವುದಿಲ್ಲವೆ? ನಿಮ್ಮ ತಕ್ಕಡಿಗೆ, ಬೊಟ್ಟಿಗೆ ಮುದ್ರೆ ಹಾಕಲು ಸರ್ಕಾರದ ಇನ್‌ಸ್ಪೆಕ್ಟರು ತಪ್ಪದೆ ಬರುತ್ತಾರೆ. ಐವತ್ತು ಗ್ರಾಂ ಬೊಟ್ಟು ಸವೆದಿದ್ದರೆ ದಂಡ. ಮುದುಕಿಯ ಹಾಸಿಗೆಯ ಹಾಸನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಿದರೆ ‘ಸಾಕಷ್ಟು’ ಎಂದು ಕೇಳಲು ಮಾತ್ರ ಯಾರ ಕೈಯಲ್ಲೂ ತಕ್ಕಡಿಯಿಲ್ಲ.

ಆ ತಕ್ಕಡಿಯನ್ನು ಇಂದು ನಾವೇ ಹಿಡಿಯೋಣ. ನಾವು ನೋಡಿದ ಮನೆಯಲ್ಲಿ ೩೨ ಜನ ವೃದ್ಧರಿದ್ದರು. ಅವರಲ್ಲಿ ೯ ಜನ ಹಾಸಿಗೆ ಹಿಡಿದವರು. ಹಗಲು ಇಬ್ಬರು ಆಯಾಗಳು, ರಾತ್ರಿ ಒಬ್ಬಳು. ಹನ್ನೆರಡು ಹನ್ನೆರಡು ಗಂಟೆಯ ಪಾಳಿ. ಎದ್ದು ಕೂರಲಾರದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಒದ್ದೆ ಬಟ್ಟೆಯನ್ನು ಕೂಡಲೇ ತೆಗೆಯಬೇಕು ಎಂಬುದು ದಾದಿಯರಿಗೆಲ್ಲ ಕಲಿಸುವ ಪಾಠ. ಹಾಗೆ ಮಾಡದಿದ್ದರೆ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ರಕ್ತ ಓಡದೆ ಚರ್ಮ ಕೆಂಪಾಗಿ, ಒಡೆದು, ಹಾಸಿಗೆ ಹುಣ್ಣಾಗುತ್ತದೆ. ಅದು ಮಾಯಲು ತಿಂಗಳುಗಟ್ಟಲೆ ಬೇಕು. ಕೆಲವರಿಗೆ ಮಾಯುವುದೇ ಇಲ್ಲ.

ಈಗ ಬಾಯಿಲೆಕ್ಕ ಮಾಡಿ. ಒಬ್ಬರನ್ನು ಒರೆಸಿ, ಬಟ್ಟೆ ಬದಲಿಸಿ, ಮಗ್ಗುಲು ತಿರುಗಿಸಲು ಹತ್ತು ನಿಮಿಷವೆನ್ನಿ. ಒಂಬತ್ತು ಜನಕ್ಕೆ ತೊಂಬತ್ತು ನಿಮಿಷ. ಎರಡು ಗಂಟೆಯಲ್ಲಿ ಇರುವುದು ನೂರಿಪ್ಪತ್ತು. ಉಳಿದ ಮೂವತ್ತು ನಿಮಿಷದಲ್ಲಿ ಆ ರಾತ್ರಿಯ ಹೆಣ್ಣುಮಗಳು ಉಳಿದ ೨೩ ಜನರನ್ನು ಕೈಹಿಡಿದು ಕಕ್ಕಸಿಗೆ ಕರೆದೊಯ್ಯಬೇಕು, ವಾಂತಿ ಬಳಿಯಬೇಕು, ಒದ್ದೆಯಾದದ್ದನ್ನು ನೆನೆಹಾಕಬೇಕು. ಹೀಗೆ ಸೂರ್ಯ ಹುಟ್ಟುವವರೆಗೆ, ಒಂದು ನಿಮಿಷವೂ ಕೂರದೆ. ಆದೀತೆ? ಆಗುವುದಿಲ್ಲ. ಆದ್ದರಿಂದ ಮಗ್ಗುಲು ತಿರುಗಿಸುವುದು ನಿಲ್ಲುತ್ತದೆ, ಹಾಸು ಬೆಳಗಿನವರೆಗೆ ಒದ್ದೆಯಾಗಿಯೇ ಇರುತ್ತದೆ. ಆ ಆಯಾ ನಮಗೆ ಹೇಳಿದ್ದು ಒಂದೇ ಮಾತು. “ನಂಗೇನು ಮನಸ್ಸಿಲ್ವಾ ಮೇಷ್ಟ್ರೇ? ಇರೋದು ಎರಡೇ ಕೈ.” ಆಕೆಯನ್ನು ಗುತ್ತಿಗೆದಾರನ ಮೂಲಕ ಇಟ್ಟುಕೊಂಡಿದ್ದಾರೆ. ಕೊಡುವುದು ಕನಿಷ್ಠ ಕೂಲಿಗಿಂತ ಕಡಿಮೆ. ವಾರದ ರಜೆಯಿಲ್ಲ.

ಚೊಕ್ಕಟವೆಂಬುದು ಫಿನಾಯಿಲ್ ಡಬ್ಬಿಯಿಂದ ಬರುವುದಿಲ್ಲ, ಸಂಗಾತಿಗಳೇ. ಅದು ಕೈಗಳಿಂದ ಬರುತ್ತದೆ. ಎಷ್ಟು ಕೈ, ಎಷ್ಟು ಗಂಟೆ, ಎಷ್ಟು ಕೂಲಿ ಎಂಬುದನ್ನು ಬಿಟ್ಟು ಚೊಕ್ಕಟದ ಮಾತಾಡುವವರು ಬಣ್ಣ ಬಳಿಯುವವರು.

ಇದು ನಮ್ಮ ದೇಶದ ಬಡತನದ ಮಾತೆಂದು ಯಾರಾದರೂ ಹೇಳಿಯಾರು. ಹಾಗಾದರೆ ಶ್ರೀಮಂತ ಅಮೆರಿಕವನ್ನು ನೋಡೋಣ. ನಮ್ಮಲ್ಲಿ ನರ್ಸಿಂಗ್ ಹೋಂ ಎಂದರೆ ಖಾಸಗಿ ಆಸ್ಪತ್ರೆ. ಅಲ್ಲಿ ಆ ಹೆಸರು ಅಶಕ್ತ ವೃದ್ಧರು ವರ್ಷಗಟ್ಟಲೆ ವಾಸಿಸುವ ಮನೆಗಳಿಗೆ. ಅಲ್ಲಿ ೧೯೮೭ರಲ್ಲಿ ಈ ಮನೆಗಳ ಸುಧಾರಣೆಗೆ ಕಾಯಿದೆಯಾಯಿತು. ಹಂಚಿಕೊಂಡು ಇರುವ ಕೋಣೆಯಲ್ಲಿ ತಲೆಗೆ ೮೦ ಚದರ ಅಡಿ ಎಂಬುದು ಅಲ್ಲಿಯೂ ನಿಯಮ. ಎಂದರೆ ಕಾಗದದ ಮೇಲೆ ನಮ್ಮ ಅಳತೆಯೂ ಅವರ ಅಳತೆಯೂ ಒಂದೇ! ವ್ಯತ್ಯಾಸ ಎಲ್ಲಿದೆ? ಅಲ್ಲಿ ತನಿಖೆಯವರು ಮುಂಚಿತವಾಗಿ ತಿಳಿಸದೆ ಬರಬೇಕು. ಎರಡು ತನಿಖೆಗಳ ನಡುವೆ ೧೫ ತಿಂಗಳಿಗಿಂತ ಹೆಚ್ಚು ಅಂತರ ಇರಕೂಡದು. ವಾಸಿಗಳನ್ನೇ ಮಾತನಾಡಿಸಬೇಕು. ತನಿಖೆಯ ವರದಿಯನ್ನು ಯಾರು ಬೇಕಾದರೂ ಓದುವಂತೆ ಆ ಮನೆಯಲ್ಲೇ ಇಡಬೇಕು.

ಇಷ್ಟಿದ್ದರೂ ಅಲ್ಲಿ ಕೊರತೆ ತೀರಲಿಲ್ಲ. ಅಲ್ಲಿನ ಬಹುಪಾಲು ನರ್ಸಿಂಗ್ ಹೋಂಗಳು ಲಾಭಕ್ಕಾಗಿ ನಡೆಯುವಂಥವು. ಕೈಗಳನ್ನು ಕಡಿಮೆ ಮಾಡಿದಷ್ಟೂ ಲಾಭ. ೨೦೨೪ರಲ್ಲಿ ಅಲ್ಲಿನ ಸರ್ಕಾರ, ಒಬ್ಬೊಬ್ಬ ವಾಸಿಗೆ ದಿನಕ್ಕೆ ೩.೪೮ ಗಂಟೆಯಾದರೂ ದಾದಿಯರ ಆರೈಕೆ ಸಿಗಬೇಕೆಂದು ನಿಯಮ ಮಾಡಿತು. ಮಾಲೀಕರ ಸಂಘಗಳು ಕೋರ್ಟಿಗೆ ಹೋದವು. ೨೦೨೫ರ ಏಪ್ರಿಲಿನಲ್ಲಿ ಟೆಕ್ಸಾಸಿನ ಫೆಡರಲ್ ಕೋರ್ಟು ಆ ನಿಯಮವನ್ನು ತೆಗೆದುಹಾಕಿತು. ಕೋಣೆಯ ಅಳತೆಗೆ ಒಪ್ಪಿದ ಮಾಲೀಕ ಕೈಗಳ ಲೆಕ್ಕಕ್ಕೆ ಒಪ್ಪಲಿಲ್ಲ. ನಾವು ನೋಡಿದ ಮನೆಯ ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡಿ. ಮೂವರು ಆಯಾಗಳ ೩೬ ಗಂಟೆಯನ್ನು ೩೨ ಜನಕ್ಕೆ ಹಂಚಿದರೆ ತಲೆಗೆ ಒಂದು ಗಂಟೆ ಏಳು ನಿಮಿಷ, ಅದೂ ಕಸ ಗುಡಿಸುವುದು, ಪಾತ್ರೆ ತೊಳೆಯುವುದು ಎಲ್ಲ ಸೇರಿ.

“ಮುದುಕರನ್ನು ಮಕ್ಕಳು ನೋಡಿಕೊಳ್ಳಬೇಕು, ಆಶ್ರಮವೆಂಬುದು ನಮ್ಮ ಸಂಸ್ಕೃತಿಯಲ್ಲ” ಎನ್ನುವ ಹಿರಿಯರು ಇಲ್ಲಿಯೂ ಇದ್ದೀರಿ. ನಿಮ್ಮ ಮಾತಿಗೆ ಗೌರವವಿದೆ. ನೋಡಿಕೊಳ್ಳುವ ಮಕ್ಕಳು ನೋಡಿಕೊಳ್ಳಲಿ. ಆದರೆ ದಾವಣಗೆರೆಯಂಥ ಊರಿನಲ್ಲಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಮಕ್ಕಳು ಬೆಂಗಳೂರಿಗೆ ಗಂಟು ಕಟ್ಟಿದರು. ಅಲ್ಲಿ ಹತ್ತಡಿ ಕೋಣೆಯಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು. ತಂದೆಯ ಮಂಚ ಎಲ್ಲಿ ಹಾಕುವುದು? ಪ್ರಾವಿಡೆಂಟ್ ಫಂಡಿನ ಪಿಂಚಣಿಗೆ ೨೦೧೪ರ ಸೆಪ್ಟೆಂಬರಿನಲ್ಲಿ ಗೊತ್ತುಮಾಡಿದ ಕನಿಷ್ಠ ಮೊತ್ತ ತಿಂಗಳಿಗೆ ೧,೦೦೦ ರೂಪಾಯಿ. ಸಣ್ಣ ಅಂಗಡಿಯವರಿಗೆ ಅದೂ ಇಲ್ಲ. ಕೈ ನಡುಗಿ ತಕ್ಕಡಿ ಹಿಡಿಯಲಾರದ ದಿನವೇ ಸಂಪಾದನೆ ನಿಂತಿತು. ಹಾಗಿರುವಾಗ ಸಂಸ್ಕೃತಿಯ ಹೆಸರು ಹೇಳಿ ಕಕ್ಕಸಿನ ದೀಪ ಆರಿಸಬೇಡಿ.

ಹಾಗಾದರೆ ನಾವು ಕೇಳುವುದೇನು? ಅರಮನೆ ಕೇಳುತ್ತಿಲ್ಲ. ತಲೆಗೆ ಮೂರು ಜೊತೆ ಹಾಸು: ಒಂದು ಮಂಚದ ಮೇಲೆ, ಒಂದು ನೀರಿನಲ್ಲಿ, ಒಂದು ಪೆಟ್ಟಿಗೆಯಲ್ಲಿ. ಮಳೆಗಾಲದಲ್ಲಿ ಬಟ್ಟೆ ಒಣಗದೆಂಬ ನೆಪ ಆಗ ಉಳಿಯದು. ಮಲಗುವಲ್ಲಿಂದ ನಾಲ್ಕು ಹೆಜ್ಜೆಗೆ ಕಕ್ಕಸು, ರಾತ್ರಿಯಿಡೀ ದೀಪ, ಗೋಡೆಗೆ ಕಂಬಿ. ಕುಳಿತರೆ ಪಾದ ನೆಲಕ್ಕೆ ತಾಗುವಷ್ಟು ಎತ್ತರದ ಮಂಚ. ಬೀಗವಿರುವ ಒಂದು ಸ್ವಂತ ಪೆಟ್ಟಿಗೆ. ಅಡುಗೆಯವರ ಅನುಕೂಲಕ್ಕೆ ಸಂಜೆ ಐದೂವರೆಗೇ ಬಡಿಸಿ ರಾತ್ರಿಯೆಲ್ಲ ಹಸಿವಿನಲ್ಲಿ ಬಿಡದಂತೆ ಊಟದ ಹೊತ್ತು. ಮತ್ತು ಇವೆಲ್ಲಕ್ಕೂ ಮೊದಲು, ಇಷ್ಟು ವೃದ್ಧರಿಗೆ ಇಷ್ಟು ಕೈ ಎಂದು ಅಂಕೆಯಲ್ಲಿ ಬರೆದ ನಿಯಮ, ಎಂಟು ಗಂಟೆಯ ಪಾಳಿ, ಆಯಾಗೆ ಪೂರ್ತಿ ಕೂಲಿ.

ಇದನ್ನು ಕೇಳಲು ನಾವು ಹೋಗುವುದು ಹೇಗೆ? ಹಣ್ಣಿನ ಬುಟ್ಟಿ ಹಿಡಿದಲ್ಲ. ಮುಂದಿನ ತಿಂಗಳಿನಿಂದ ಸಂಘದ ಇಬ್ಬರು, ಪೇಟೆಯ ಇಬ್ಬರು, ಇಬ್ಬರು ಹೆಣ್ಣುಮಕ್ಕಳು ಸೇರಿ ಜಿಲ್ಲೆಯ ಒಂದೊಂದು ಮನೆಗೂ ಹೋಗೋಣ. ನಡೆಸುವವರ ಒಪ್ಪಿಗೆ ಕೇಳೋಣ, ಆದರೆ ಹಬ್ಬದ ದಿನ ಹೋಗುವುದು ಬೇಡ. ಕಕ್ಕಸು ನೋಡೋಣ, ಹಾಸು ಮುಟ್ಟಿ ನೋಡೋಣ, ಆಯಾಗಳ ಸಂಖ್ಯೆ ಬರೆದುಕೊಳ್ಳೋಣ, ವೃದ್ಧರನ್ನು ಹೆಸರು ಹಿಡಿದು ಮಾತನಾಡಿಸೋಣ. ಬರೆದದ್ದನ್ನು ಜಿಲ್ಲಾಧಿಕಾರಿಗಳ ಮುಂದೆ ಇಟ್ಟು, ‘ಸಾಕಷ್ಟು ಎಂದರೆ ಎಷ್ಟು ಸ್ವಾಮಿ?’ ಎಂದು ಕೇಳೋಣ. ಅಂಕೆ ಕೊಡುವವರೆಗೆ ಕೇಳುತ್ತಲೇ ಇರೋಣ. ಗಿರಣಿಯ ನೀರಿನ ಹಂಡೆಯೂ ಯಾರ ದಯೆಯಿಂದಲೂ ಬಂದದ್ದಲ್ಲ.

ಕೊನೆಯದಾಗಿ, ಅಂದು ಹೊರಡುವಾಗ ನಾವು ಪೇಟೆಯಿಂದ ಒಂದು ದೀಪದ ಬುರುಡೆ ತಂದು ಆ ಕಕ್ಕಸಿಗೆ ಹಾಕಿ ಬಂದೆವು. ಎರಡು ವಾರ ಬಿಟ್ಟು ಹೋದರೆ ಅದು ಸುಟ್ಟುಹೋಗಿತ್ತು, ಬದಲಿಸುವವರಿಲ್ಲ. ಅಜ್ಜನ ಲೋಟ ಮತ್ತೆ ತುಂಬಿದಂತೆಯೇ ಇತ್ತು. ಬುರುಡೆ ಕೊಡುವುದು ದಾನ. ಸುಟ್ಟ ಬುರುಡೆಯನ್ನು ಅಂದೇ ಬದಲಿಸಬೇಕಾದವನು ಯಾರೆಂದು ಬರೆಸುವುದು ನಮ್ಮ ಕೆಲಸ. ಆ ಕೆಲಸಕ್ಕೆ ಬರುವವರು ಸಭೆ ಮುಗಿದ ಮೇಲೆ ಇಲ್ಲಿ ಹೆಸರು ಬರೆಸಿ ಹೋಗಬೇಕೆಂದು ಕೇಳಿಕೊಂಡು ಮುಗಿಸುತ್ತೇವೆ.