ಭಾರದ ಕೋಲು ಬೀಸಿದರೆ ಚೆಂಡು ದೂರ ಹೋದೀತೆ?

ಕುಲಗೋಡ, ಕೌಜಲಗಿ, ಮೂಡಲಗಿ ಕಡೆಯ ಹುಡುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ಗಾಲ್ಫ್ ಆಟಗಾರರು ಭಾರದ ಕೋಲು ಬೀಸಿ ಹೊಡೆತದ ದೂರ ಹೆಚ್ಚಿಸಿಕೊಳ್ಳುತ್ತಾರಂತೆ. ನಾವೂ ಬ್ಯಾಟಿಗೆ ಕಬ್ಬಿಣದ ಪಟ್ಟಿ ಸುತ್ತಿ ಬೀಸಿದರೆ ಸಿಕ್ಸರ್ ದೂರ ಹೋದೀತೆ?

ತಿಂಗಳುಗಟ್ಟಲೆ ಕ್ರಮವಾಗಿ ಮಾಡಿದರೆ ತುಸು ಲಾಭ ಉಂಟು. ಆಟಕ್ಕೆ ಇಳಿಯುವ ಮುಂಚೆ ಮಾಡಿದರೆ ನಷ್ಟವೇ ಹೆಚ್ಚು.

ಲೆಕ್ಕ ನೋಡಿ. ಗಾಲ್ಫಿನಲ್ಲಿ ದೂರ ಹೊಡೆಯುವ ಕೋಲಾದ ಡ್ರೈವರಿನ ತಲೆ ಸುಮಾರು 200 ಗ್ರಾಂ, ಚೆಂಡು 46 ಗ್ರಾಂ ದಾಟುವಂತಿಲ್ಲ. ತಲೆಯ ವೇಗ ಶೇ 10 ಏರಿದರೆ ಚೆಂಡಿನ ವೇಗವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಅದೇ ವೇಗದಲ್ಲಿ ತಲೆಯ ತೂಕ ಶೇ 10 ಹೆಚ್ಚಿಸಿದರೆ ಚೆಂಡಿಗೆ ಸಿಗುವುದು ಶೇ 2ಕ್ಕಿಂತ ಕಡಿಮೆ. ದೂರ ಕೊಡುವುದು ವೇಗ, ತೂಕವಲ್ಲ.

ಇನ್ನು ನಾನು ಎಲ್ಲ ಮೈದಾನದಲ್ಲೂ ಹೇಳಿ ದಣಿದ ಮಾತು. ಭಾರದ್ದು ಬೀಸಿ ಕೆಳಗಿಟ್ಟು ನಿಮ್ಮ ಬ್ಯಾಟು ಹಿಡಿದಾಗ ಅದು ಹೂವಿನಷ್ಟು ಹಗುರ ಅನಿಸುತ್ತದೆ. ಅನಿಸುತ್ತದೆ, ಅಷ್ಟೆ! ಬೇಸ್‌ಬಾಲ್ ಆಟಗಾರರನ್ನು ಅಳೆದು ನೋಡಿದಾಗ, ತೀರ ಭಾರದ ಬ್ಯಾಟು ಬೀಸಿದ ಮೇಲಿನ ಹೊಡೆತ ನಿಧಾನವಾಗಿತ್ತು. ಆಟದ ಬ್ಯಾಟಿಗಿಂತ ಶೇ 10ರಷ್ಟು ಆಚೀಚೆ ತೂಗುವುದನ್ನು ಬೀಸಿದವರೇ ವೇಗ ತೋರಿಸಿದರು. ಹಗುರ ಅನಿಸಿದ್ದು ಬೇರೆ, ವೇಗ ಹೆಚ್ಚಿದ್ದು ಬೇರೆ. ಇನ್ನೊಮ್ಮೆ ಹೇಳುತ್ತೇನೆ: ಕೈಗೆ ಹಗುರಾದರೆ ಬ್ಯಾಟು ಜೋರಾಗಿ ಬೀಸಿತು ಅಂತಲ್ಲ. ಭಾರಕ್ಕೆ ಹೊಂದಿಕೊಂಡ ಮೈ ಆ ನಿಧಾನದ ಲಯವನ್ನೇ ಹಿಡಿದುಕೊಂಡು ಬರುತ್ತದೆ.

"ಸಚಿನ್ ಭಾರದ ಬ್ಯಾಟು ಹಿಡಿಯುತ್ತಿದ್ದರಲ್ಲ ಸರ್?" ಅನ್ನುತ್ತಾರೆ ಹುಡುಗರು. ಹಿಡಿಯುತ್ತಿದ್ದರು, ಆಡುತ್ತಿದ್ದದ್ದೂ ಅದರಲ್ಲೇ. ಒಂದನ್ನು ಬೀಸಿ ಇನ್ನೊಂದರಲ್ಲಿ ಆಡುವ ಮಾತು ಬೇರೆ.

ಹಾಗಂತ ನಮ್ಮ ಗರಡಿಮನೆಯ ಗದೆ, ಜಾತ್ರೆಯಲ್ಲಿ ಎತ್ತುವ ಸಂಗ್ರಾಣಿ ಕಲ್ಲು ವ್ಯರ್ಥ ಅನ್ನಬೇಡಿ. ಅವು ಕಾಲು, ಸೊಂಟ, ಬೆನ್ನು, ಹಿಡಿತಗಳಿಗೆ ಬಲ ಕೊಡುತ್ತವೆ. ಹೊಡೆತ ಹುಟ್ಟುವುದು ಅಲ್ಲಿಂದಲೇ. ಆದರೆ ಬಲವನ್ನು ವೇಗಕ್ಕೆ ತಿರುಗಿಸುವ ಅಭ್ಯಾಸ ಬೇರೆ. ಉಸ್ತಾದರಿಲ್ಲದೆ ಗದೆ ತಿರುಗಿಸಿ ಭುಜ ಹಿಡಿಸಿಕೊಂಡು ಬರುವ ಹುಡುಗರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ದೂರದ ಹುಚ್ಚಿಗೂ ಒಂದು ಮಾತು. ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದರು. ಪದಕ ತಪ್ಪಿದ್ದು ಒಂದೇ ಹೊಡೆತದಿಂದ. ಅಲ್ಲಿ ಮೊದಲ ಹೊಡೆತದಲ್ಲಿ ಅವರಿಗಿಂತ ದೂರ ಕಳಿಸುವವರು ಬಹಳ ಜನ ಇದ್ದರು. ಅದಿತಿಯನ್ನು ಮೇಲೆತ್ತಿದ್ದು ಕುಳಿಯ ಹತ್ತಿರದ ಆಟ.

ಸಮಯ ಆಗುತ್ತಾ ಬಂತು, ಸಲಹೆ ಬೇಗ ಹೇಳುತ್ತೇನೆ. ಭಾರದ ವ್ಯಾಯಾಮ ಪಂದ್ಯವಿಲ್ಲದ ದಿನ. ಬೀಸುವ ಅಭ್ಯಾಸ ನಿಮ್ಮದೇ ಬ್ಯಾಟಿನಲ್ಲಿ, ಪೂರ್ತಿ ವೇಗದಲ್ಲಿ, ನಡುನಡುವೆ ಉಸಿರು ತೆಗೆದುಕೊಂಡು. ಭುಜವೋ ಮೊಣಕೈಯೋ ನೋವಾದರೆ ಅಲ್ಲಿಗೇ ನಿಲ್ಲಿಸಿ. ಆ ಕಬ್ಬಿಣದ ಪಟ್ಟಿ ಬಿಚ್ಚಿ ಮನೆಯಲ್ಲಿಟ್ಟು ಪಂದ್ಯಕ್ಕೆ ಬನ್ನಿ.